ಸನ್ನಿಧಿಗೆ ತೆರಳಿದ ಅಪ್ಪ

ನಾನು ಹುಟ್ಟಾ ಪುಕ್ಕಲಿ. ಕುಕ್ಕರ್ ಸೀಟಿ ಹೊಡೆದರೆ ಈಗಲೂ ಬೆಚ್ಚಿಬೀಳುತ್ತೇನೆ. ನನ್ನ ಮಗಳು ಅದನ್ನು ಬಂದವರಿಗೆಲ್ಲ ಮಾಡಿ ತೋರಿಸಿ ನಗುತ್ತಾಳೆ. ನಗಲಿ ಬಿಡಿ. ಹೊಸ ತಿಪ್ಪಸಂದ್ರದ ಆ ಮನೆಯಲ್ಲಿ ಬೆಳೆದಿದ್ದರೆ ಅವಳೂ ಹೀಗೇ ಆಗುತ್ತಿದ್ದಳು. ಮುಂದೆ ಅಪ್ಪನ ಹಿಟ್ಟಿನ ಗಿರಣಿ, ಹಿಂದೆ ನಾವಿದ್ದ ಮನೆ. ಮನೆಗೆಂದು ಬೇರೆ ಬಾಗಿಲಿರಲಿಲ್ಲ. ಸ್ಕೂಲಿನಿಂದ ಬಂದರೆ ಗಿರಣಿಯೊಳಗೇ ಹಾದು ಹೋಗಬೇಕು. ಮೋಟಾರಿನಿಂದ ಕಲ್ಲಿಗೆ ಎಳೆದಿದ್ದ ಉದ್ದನೆಯ ಬೆಲ್ಟು ಪಟಪಟ ಹೊಡೆದುಕೊಳ್ಳುತ್ತ ತಿರುಗುತ್ತಿತ್ತು. ಲಂಗ ಸಿಕ್ಕಿಕೊಂಡರೆ ಹುಡುಗಿಯನ್ನೇ ಎಳೆದುಕೊಂಡುಬಿಡುತ್ತದೆ ಎಂದು ಅಜ್ಜಿ ಹೇಳಿಟ್ಟಿದ್ದಳು. ನಾನು ಎರಡೂ ಕೈಯಲ್ಲಿ ಲಂಗ ಮುದುಡಿ ಹಿಡಿದು, ಬೆನ್ನನ್ನು ಗೋಡೆಗೆ ಒತ್ತಿಕೊಂಡು, ಏಡಿಯ ಹಾಗೆ ಅಡ್ಡಡ್ಡ ನಡೆದು ನಡುಮನೆ ಸೇರುತ್ತಿದ್ದೆ. ಯೂನಿಫಾರಂ ಹಿಂದೆಲ್ಲ ಹಿಟ್ಟು. ಅಮ್ಮ ದಿನಾ ಬೈಯುತ್ತಿದ್ದಳು.

ಆದರೆ ಬೆಲ್ಟು ತಿರುಗುವಾಗ ಆಗುತ್ತಿದ್ದ ಹೆದರಿಕೆ ಅದು ನಿಂತಾಗ ಆಗುತ್ತಿದ್ದ ಹೆದರಿಕೆಯ ಮುಂದೆ ಏನೂ ಅಲ್ಲ. ಅಪ್ಪನ ಗಿರಣಿ ಮೊದಲು ಹಲಸೂರಿನಲ್ಲಿತ್ತು. ಅಂಗಡಿಯ ಯಜಮಾನರು ಜಾಗ ಬಿಟ್ಟುಕೊಡಿ ಅಂದರು; ಅಪ್ಪ ಕಲ್ಲು, ಮೋಟಾರು, ತಕ್ಕಡಿ ಎಲ್ಲವನ್ನೂ ಲಾರಿಗೆ ಹೇರಿಕೊಂಡು ಅಜ್ಜಿಯ ಕಾಲದ ಹೊಲದಲ್ಲಿ ಉಳಿದಿದ್ದ ಈ ತುಂಡು ಜಾಗಕ್ಕೆ ಬಂದ. ಪಕ್ಕದಲ್ಲೇ ಮುನೇಶ್ವರನ ಗುಡಿ. ದೇವರೇನೋ ಹತ್ತಿರವಿದ್ದ, ಗಿರಾಕಿಗಳು ಮಾತ್ರ ದೂರವಾದರು. ಇಲ್ಲಿಯವರಿಗೆ ಅವರವರ ಗಿರಣಿಗಳಿದ್ದವು, ಹಲಸೂರಿನವರಿಗೆ ನಾವೆಲ್ಲಿ ಹೋದೆವೆಂದೇ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ಗಿರಣಿ ಸದ್ದಿಲ್ಲದೆ ನಿಂತಿರುತ್ತಿತ್ತು. ಆಗ ಒಂದೇ ಸದ್ದು ಕೇಳುತ್ತಿತ್ತು: ಅಪ್ಪನ ಕೆಮ್ಮು. ವರ್ಷಗಟ್ಟಲೆ ಹಿಟ್ಟಿನ ಧೂಳು ಕುಡಿದ ಎದೆ ಅದು. ಒಮ್ಮೆ ಶುರುವಾದರೆ ನಿಲ್ಲುವವರೆಗೆ ನಾನು ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ. ಅಮ್ಮನೂ ಹಿಡಿದಿರುತ್ತಿದ್ದಳು, ಅದು ನನಗೆ ಕಾಣುತ್ತಿತ್ತು.

ಪಾಂಪ್ಲೆಟ್ ಹಾಕಿಸುವ ಯೋಚನೆ ಅಪ್ಪನದೇ. ಹಲಸೂರಿನಲ್ಲಿ ಪೇಪರ್ ಹಂಚುವವರಿಗೆ ಕೊಟ್ಟರೆ ಭಾನುವಾರದ ಪೇಪರಿನೊಳಗೆ ಇಟ್ಟು ಮನೆಮನೆಗೆ ಮುಟ್ಟಿಸುತ್ತಾರೆ, ಜೊತೆಗೆ ತನ್ನ ಫೋಟೋ ಇದ್ದರೆ ಹಳೇ ಗಿರಾಕಿಗಳಿಗೆ ತಕ್ಷಣ ಗುರುತು ಸಿಗುತ್ತದೆ ಎಂದು ಲೆಕ್ಕ ಹಾಕಿದ. ಬರೆಯಲು ಕೂತಾಗ ಮಾತ್ರ ಪಂಡಿತನಾಗಿಬಿಟ್ಟ. ನಮ್ಮ ಮನೆಗೆ ಅಚ್ಚಾಗಿ ಬರುತ್ತಿದ್ದ ಕಾಗದ ಎಂದರೆ ಎರಡೇ ಥರದ್ದು, ಒಂದು ಮದುವೆಯದ್ದು, ಇನ್ನೊಂದು ತಿಥಿಯದ್ದು. ಅಚ್ಚಾಗುವ ಕನ್ನಡ ಹೀಗೇ ಇರಬೇಕೆಂದು ಅಪ್ಪ ಅಂದುಕೊಂಡಿದ್ದ. ಎರಡು ದಿನ ತಿದ್ದಿ ತೀಡಿ, ಊಟವಾದ ಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು ಗಟ್ಟಿಯಾಗಿ ಓದಿದ:

"ಗ್ರಾಹಕ ಬಂಧುಗಳಲ್ಲಿ ವಿನಂತಿ. ಹಲಸೂರಿನಲ್ಲಿ ಬಹುಕಾಲ ತಮ್ಮೆಲ್ಲರ ಪ್ರೀತಿಗೆ ಪಾತ್ರರಾಗಿದ್ದ ಗಿರಣಿ ನಾರಾಯಣಪ್ಪನವರು ತಮ್ಮನ್ನೆಲ್ಲ ಅಗಲಿ, ಹೊಸ ತಿಪ್ಪಸಂದ್ರದ ಶ್ರೀ ಮುನೇಶ್ವರಸ್ವಾಮಿಯವರ ಸನ್ನಿಧಿಗೆ ತೆರಳಿರುತ್ತಾರೆಂದು ತಿಳಿಸಲು ವಿಷಾದಿಸುತ್ತೇವೆ. ತಾವು ಸಕುಟುಂಬ ಸಮೇತರಾಗಿ ಆಗಮಿಸಬೇಕಾಗಿ ಕೋರುವ, ಕುಟುಂಬ ವರ್ಗ."

"ಚೆನ್ನಾಗಿದೆ ರೀ. ಕೇಳ್ತಿದ್ರೆ ಕಣ್ಣಲ್ಲಿ ನೀರು ಬರುತ್ತೆ," ಅಂದಳು ಅಮ್ಮ.

"ಹಿಟ್ಟು ಬೀಸ್ತೀವಿ ಅಂತ ಎಲ್ಲೂ ಇಲ್ವಲ್ಲೋ ನಾಣಿ?" ಅಂದಳು ಅಜ್ಜಿ.

"ಗಿರಣಿ ಅಂದ್ಮೇಲೆ ಇನ್ನೇನ್ ಬೀಸ್ತಾರಮ್ಮ? ಗಾಳೀನಾ?"

ಅಷ್ಟಕ್ಕೆ ಮಾತು ಮುಗಿಯಿತು. ನಮ್ಮ ಮುಂದೆ ಅಪ್ಪ ಎಲೆ ಅಡಿಕೆ ಜಗಿಯುತ್ತ ಗುಂಡುಕಲ್ಲಿನ ಹಾಗೆ ಕೂತಿದ್ದ. ಆ ಸಾಲುಗಳನ್ನು ಬೇರೆ ಥರ ಓದಬಹುದೆಂದು ಯಾರಿಗೆ ತಾನೇ ಹೊಳೆಯಬೇಕು? ಶಿವಾಜಿನಗರದ ಒಂದು ಸಣ್ಣ ಪ್ರೆಸ್ಸಿಗೆ ಅಪ್ಪನ ಜೊತೆ ನಾನೂ ಹೋಗಿದ್ದೆ. ಪ್ರೆಸ್ಸಿನ ಭಾಯಿ ಉರ್ದು ಮಾತಿನವರು, ಕನ್ನಡದ ಅಕ್ಷರ ಜೋಡಿಸುತ್ತಿದ್ದರು, ಅದರ ಅರ್ಥದ ತಂಟೆಗೆ ಹೋಗುತ್ತಿರಲಿಲ್ಲ. ಅಪ್ಪನಿಗೆ ತೋರಿಸಿದ ಪ್ರೂಫಿನಲ್ಲಿ ಬರೀ ಅಕ್ಷರಗಳಿದ್ದವು, ಫೋಟೋ ಬರುವ ಜಾಗ ಖಾಲಿಯಿತ್ತು. ಅಪ್ಪ ರೇಷನ್ ಕಾರ್ಡಿಗೆಂದು ತೆಗೆಸಿದ್ದ, ನಗುವಿಲ್ಲದ ಫೋಟೋ ಕೊಟ್ಟ.

"ನೀವು ಟೆನ್ಷನ್ ತಗೋಬೇಡಿ ಸಾರ್. ಫೋಟೋ ಸುತ್ತ ನಾನೇ ಒಂದು ಬಾರ್ಡರ್ ಕೊಟ್ಟು ಫಸ್ಟ್ ಕ್ಲಾಸ್ ಮಾಡಿ ಇಡ್ತೀನಿ," ಅಂದರು ಭಾಯಿ. ಕಟ್ಟುಗಳು ಪ್ರೆಸ್ಸಿನಿಂದ ಸೀದಾ ಪೇಪರ್ ಹಂಚುವವರ ಕೈ ಸೇರಿದವು. ನಮ್ಮ ಮನೆಯಲ್ಲಿ ಒಬ್ಬರೂ ಅದನ್ನು ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ತಲೆಸ್ನಾನ ಮಾಡಿ, ದೊಡ್ಡದಾಗಿ ಕುಂಕುಮವಿಟ್ಟು, ಮಲ್ಲಿಗೆ ಮುಡಿದು ಗಿರಣಿಯ ಬಾಗಿಲಿಗೆ ರಂಗೋಲಿ ಬಿಡುತ್ತಿದ್ದಳು. ಗಿರಾಕಿಗಳು ಬರುವ ದಿನವಲ್ಲವೇ. ಅಪ್ಪ ಹಿತ್ತಲಿನ ಬಚ್ಚಲಲ್ಲಿದ್ದ. ಹಲಸೂರಿನಲ್ಲಿ ಇಡ್ಲಿ ಮಾರುತ್ತಿದ್ದ ಸೆಲ್ವಿ ಅಕ್ಕ ಆಟೋದಿಂದ ಇಳಿದರು. ಇಳಿದವರು ಅಮ್ಮನನ್ನು ನೋಡಿ ಅಲ್ಲೇ ನಿಂತರು. ಅಮ್ಮನ ಹಣೆ ನೋಡಿದರು, ಹೂ ನೋಡಿದರು, ರಂಗೋಲಿ ನೋಡಿದರು.

"ಬನ್ನಿ ಸೆಲ್ವಿ, ಒಳಗೆ ಬನ್ನಿ, ಕಾಫಿ ಕುಡಿಯೋರಂತೆ," ಅಂದಳು ಅಮ್ಮ.

"ಅಯ್ಯಯ್ಯೋ ಬೇಡಕ್ಕಾ. ಈ ಟೈಮಲ್ಲಿ ನಿಮ್ಮ ಮನೇಲಿ ಹೆಂಗೆ ಕುಡಿಯೋದು," ಅಂದ ಸೆಲ್ವಿ ಅಕ್ಕ ದನಿ ತಗ್ಗಿಸಿದರು. "ಇನ್ನೂ ಯಾರೂ ಬಂದಿಲ್ವಾ? ನಿಮ್ಗೆ ಹೂ, ಕುಂಕುಮ ಎಲ್ಲ ತೆಗಿಯಕ್ಕೆ ಯಾರೂ ಹೇಳಿಲ್ವಾ ಅಕ್ಕಾ?"

ಅಮ್ಮನ ಕೈಯಿಂದ ರಂಗೋಲಿ ಬಟ್ಟಲು ಜಾರಿತು. ಸೆಲ್ವಿ ಅಕ್ಕ ಮಡಿಚಿದ್ದ ಕಾಗದವನ್ನು ಬೆರಳ ತುದಿಯಲ್ಲಿ ಹಿಡಿದು ಮುಂದೆ ಚಾಚಿದರು. ದಪ್ಪನೆಯ ಕಪ್ಪು ಚೌಕಟ್ಟು, ಅದರೊಳಗೆ ನಗದ ಅಪ್ಪ, ಕೆಳಗೆ ಅಗಲಿ, ಸನ್ನಿಧಿಗೆ, ವಿಷಾದಿಸುತ್ತೇವೆ. ನಾನು ಆ ಮುಖ ನೋಡಿದೆ. ಅಪ್ಪ ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವ ಸದ್ದು ಕೇಳುತ್ತಿತ್ತು, ಆದರೂ ಆ ಕ್ಷಣ ನಾನು ನಂಬಿದ್ದು ಸದ್ದನ್ನಲ್ಲ, ಕಾಗದವನ್ನು. ಅಚ್ಚಾಗಿದೆ ಅಂದಮೇಲೆ ನಿಜವೇ ಇರಬೇಕು ಅನಿಸಿತು. ಹೊಸಿಲ ಮೇಲೆ ಕುಕ್ಕರಿಸಿದೆ. ಸೆಲ್ವಿ ಅಕ್ಕ ಒಂದು ನಿಟ್ಟುಸಿರು ಬಿಟ್ಟು, ಅತ್ತಿತ್ತ ನೋಡಿ, ಬಂದ ವಿಷಯಕ್ಕೆ ಬಂದರು.

"ತಪ್ಪು ತಿಳ್ಕೋಬೇಡಿ ಅಕ್ಕಾ. ಜಾಗ ಖಾಲಿ ಮಾಡೋವಾಗ ನನ್ನ ದೊಡ್ಡ ಡಬ್ಬ ಅಣ್ಣನ ಹತ್ರಾನೇ ಉಳ್ಕೊಂಡ್ಬಿಟ್ಟಿತ್ತು. ಆಮೇಲೆ ಜನ ಸೇರಿದ್ರೆ ಸಿಗಲ್ಲ, ಅದಕ್ಕೇ ಈಗ್ಲೇ ಬಂದೆ."

ಅಜ್ಜಿ ಒಳಗಿನಿಂದ ಬಂದು, ಕಾಗದವನ್ನೂ ಸೆಲ್ವಿ ಅಕ್ಕನನ್ನೂ ಒಮ್ಮೆ ನೋಡಿ, ಡಬ್ಬ ಹುಡುಕಿ ಕೊಟ್ಟು ಕಳಿಸಿದಳು. ಅಷ್ಟರಲ್ಲಿ ಅಪ್ಪ ಟವಲು ಸುತ್ತಿಕೊಂಡು ಬಂದ. ಕಾಗದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಕೆಮ್ಮಿಗೆ ತಿರುಗಿತು, ಕೆಮ್ಮು ನಿಲ್ಲಲಿಲ್ಲ. ಅಮ್ಮ ಅವನ ತೋಳು ಹಿಡಿದುಕೊಂಡು ಅಳತೊಡಗಿದಳು.

"ನಾಲ್ಕು ಮೂಲೆಗೆ ಒಂಚೂರು ಅರಿಶಿನ ಹಚ್ಚಿಸಬಾರದಿತ್ತೇನ್ರೀ? ಅರಿಶಿನ ಇದ್ದಿದ್ರೆ ಯಾರೂ ಹಂಗೆ ಅಂದ್ಕೋತಿರ್ಲಿಲ್ಲ. ಈಗ್ಲೇ ಹಲಸೂರಿಗೆ ಹೋಗಿ ಎಲ್ಲರಿಗೂ ಹೇಳಿ ಬನ್ನಿ."

"ಎಲ್ಲೂ ಹೋಗಕೂಡದು!" ಎಂದು ಅಜ್ಜಿ ಗದರಿದ್ದು ನೋಡಿ ನಾನು ಇನ್ನಷ್ಟು ಮುದುಡಿದೆ. "ಬದುಕಿರೋನ್ನ ಸತ್ತ ಅಂತ ಅಚ್ಚಾಕಿ ಮನೆಮನೆಗೆ ಹಂಚಿಯಾಗಿದೆ. ಕಾಗೆ ತಲೆಗೆ ಬಡಿದ್ರೇನೇ ಕಂಟಕ. ಇದು ಅದಕ್ಕಿಂತ ಹೆಚ್ಚಿಂದು. ಯಾರಾದ್ರೂ ಅಳಬೇಕು."

ನಮ್ಮ ಕಡೆ ಒಂದು ಪದ್ಧತಿಯಿದೆ. ಯಾರ ತಲೆಗಾದರೂ ಕಾಗೆ ಬಡಿದರೆ ಅವರಿಗೆ ಸಾವು ಹತ್ತಿರವಾಯಿತೆಂದು ಹೆದರಿ, ಅವರು ಸತ್ತೇಹೋದರೆಂದು ದೂರದ ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸುತ್ತಾರೆ. ನೆಂಟರು ನಂಬಿ ಅತ್ತರೆ, ಬರಬೇಕಿದ್ದ ಸಾವು ಆ ಅಳು ಕೇಳಿ, ತನ್ನ ಕೆಲಸ ಮುಗಿಯಿತೆಂದು ತಿರುಗಿ ಹೋಗುತ್ತದಂತೆ. ಅಳುವವರಿಗೆ ನಿಜ ಗೊತ್ತಿರಬಾರದು. ಮನೆಯವರ ಕಣ್ಣೀರು ಲೆಕ್ಕಕ್ಕಿಲ್ಲ. ಹೊತ್ತು ಮುಳುಗುವುದರೊಳಗೆ ಒಬ್ಬರಾದರೂ ನಾಣಿಗಾಗಿ ನಿಜವಾಗಿ ಅಳಬೇಕು, ಅಲ್ಲಿವರೆಗೆ ಅವನು ಯಾರ ಕಣ್ಣಿಗೂ ಬೀಳಬಾರದು ಎಂದು ಅಜ್ಜಿ ತೀರ್ಮಾನ ಮಾಡಿದಳು. ಅಪ್ಪ ಮೊದಲು ತಲೆ ಕೊಡವಿದ. ಆದರೆ ಅಮ್ಮ ಎರಡೂ ಕೈಯಿಂದ ಕುಂಕುಮ ಮುಚ್ಚಿಕೊಂಡು ನಿಂತಿದ್ದಳು. ಅದನ್ನು ನೋಡಿ, ಹಾಳಾಗಿ ಹೋಗ್ಲಿ ಅಂದುಕೊಂಡು, ನಡುಮನೆ ಪಕ್ಕದ ಕಿಟಕಿಯಿಲ್ಲದ ಮೂಟೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಮ್ಮ ಸೆರಗು ತಲೆಯ ಮೇಲೆ ಹೊದ್ದು ಹಣೆ ಮರೆಮಾಡಿ ಗೋಡೆಗೊರಗಿದಳು.

"ಅಜ್ಜೀ, ಯಾರೂ ಅಳಲಿಲ್ಲ ಅಂದ್ರೆ?"

"ಬಾಯ್ಮುಚ್ಚು. ಅಳ್ತಾರೆ. ಊರಿಗೆಲ್ಲ ಹಿಟ್ಟು ಮಾಡಿ ಕೊಟ್ಟಿದ್ದಾನೆ ನನ್ನ ಮಗ."

ಅಜ್ಜಿ ಉತ್ತರ ಕೊಡದೆ ಗದರಿದಳೆಂದರೆ ಅವಳಿಗೂ ಭಯ ಎಂದರ್ಥ. ಆ ದಿನದಷ್ಟು ಉದ್ದದ ದಿನವನ್ನು ನಾನು ಮತ್ತೆ ಕಂಡಿಲ್ಲ. ಸಾವಿನ ಮನೆಯಲ್ಲಿ ಒಗ್ಗರಣೆ ವಾಸನೆ ಬರಬಾರದೆಂದು ಅಜ್ಜಿ ಒಲೆ ಹಚ್ಚಲು ಬಿಡಲಿಲ್ಲ. ಜನ ಬಂದರು, ಬರಲಿಲ್ಲವೆಂದಲ್ಲ. ಅಪ್ಪ ಕರೆಯಲು ಹೊರಟಿದ್ದ ಗಿರಾಕಿಗಳೇ ಎಲ್ಲರೂ. ಮಣ್ಣು ಮೊನ್ನೆಯೇ ಆಯಿತೆಂದು ಅಜ್ಜಿ ಕೇಳಿದವರಿಗೆ ಹೇಳುತ್ತಿದ್ದಳು. ನಾನು ಒಬ್ಬೊಬ್ಬರ ಕಣ್ಣನ್ನೂ ದುರುಗುಟ್ಟಿ ನೋಡುತ್ತ ಕೂತಿದ್ದೆ. ಹಲಸೂರಿನ ಪೆನ್ಷನ್ ತಾತ ಬಂದು ಎದ್ದು ನಿಂತು ಮೌನ ಆಚರಿಸಿದರು. ಎರಡೂ ಕಣ್ಣು ಒಣಒಣ. ಮೋಟಾರು ಮಾರುವುದಾದರೆ ತನ್ನ ಅಳಿಯನಿಗೆ ಹೇಳಿ ಎಂದು ಹೋಗುವಾಗ ಸೇರಿಸಿದರು. ಆಮೇಲೆ ಇಬ್ಬರು ಹೆಂಗಸರು ಬಂದರು. ಅವರಲ್ಲೊಬ್ಬರು ಕಣ್ಣಿಗೆ ಸೆರಗು ಒತ್ತಿಕೊಂಡಾಗ ನಾನು ಕೂತಲ್ಲಿಂದ ಅರ್ಧ ಎದ್ದೆ. ಹಿಟ್ಟಿನ ಧೂಳು ಬಿದ್ದಿತ್ತಷ್ಟೆ.

"ಒಳ್ಳೆ ಮನುಷ್ಯ ಪಾಪ," ಅಂದರು ಒಬ್ಬರು.

"ಒಳ್ಳೆಯವರೇ. ಆದ್ರೆ ನನ್ನ ಗೋಧಿ ಮಾತ್ರ ಯಾವಾಗ್ಲೂ ತರಿತರಿ ಮಾಡೋರು," ಅಂದರು ಇನ್ನೊಬ್ಬರು.

ಅದೇ ಹೊತ್ತಿಗೆ ಮೂಟೆ ಕೋಣೆಯಿಂದ ಕೆಮ್ಮು ಕೇಳಿಸಿತು. ಅಮ್ಮ ಪಕ್ಕದಲ್ಲಿದ್ದ ಸ್ಟೀಲ್ ಚೊಂಬನ್ನು ಕಾಲಲ್ಲಿ ಒದ್ದಳು. ಅದು ಠಣಠಣ ಉರುಳಿತು. ಅಜ್ಜಿ ತಾನೇ ಕೆಮ್ಮುವವಳಂತೆ ಎದೆ ಹಿಡಿದುಕೊಂಡಳು. ಇಬ್ಬರೂ ಹೋದ ಮೇಲೆ ನನ್ನ ಕೈಯಲ್ಲಿ ಒಂದು ಲೋಟ ನೀರು, ಒಂದಿಷ್ಟು ಕಡ್ಲೆಪುರಿ ಕೊಟ್ಟು ಒಳಗೆ ಕಳಿಸಿದರು. ಅಪ್ಪ ರಾಗಿ ಮೂಟೆಯ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದ. ಬೆಳಿಗ್ಗೆ ಹೊಟ್ಟೆ ಹಿಡಿದು ನಕ್ಕವನು ಇವನೇನಾ ಅನ್ನುವಂತಿದ್ದ. ಬಾಗಿಲು ಹಲಗೆಯದು, ಹೊರಗೆ ಆಡಿದ್ದೆಲ್ಲ ಒಳಗೆ ಕೇಳುತ್ತಿತ್ತು.

"ಯಾರಾದ್ರೂ ಅತ್ರಾ ಪುಟ್ಟಿ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಗೋಧಿ ತರಿತರಿ ಮಾಡ್ತಿರ್ಲಿಲ್ಲಮ್ಮ ನಾನು. ಅವರೇ ಹಂಗೆ ಕೇಳ್ತಿದ್ರು," ಅಂದ. ಅವನ ತುಟಿ ಅದುರುತ್ತಿತ್ತು. ಅಪ್ಪನಿಗೂ ಹೆದರಿಕೆಯಾಗಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಅಲ್ಲಿಯವರೆಗೆ ಹೆದರುವುದು ನಮ್ಮ ಕೆಲಸ, ಹೆದರಬೇಡಿ ಅನ್ನುವುದು ಅಪ್ಪನ ಕೆಲಸ ಎಂದು ತಿಳಿದಿದ್ದೆ. ಹೊರಗೆ ಬಂದವಳೇ ಗುಡಿಯ ಕಡೆ ಮುಖ ಮಾಡಿ, ಮುನೇಶ್ವರಾ, ಯಾರ ಕಣ್ಣಿಗಾದ್ರೂ ನೀರು ಹಾಕಪ್ಪಾ ಎಂದು ಬೇಡಿಕೊಂಡೆ. ಬಿಸಿಲು ರಸ್ತೆಯಿಂದ ಎದುರಿನ ಗೋಡೆಗೆ ಏರಿತು, ಗೋಡೆಯಿಂದ ಮೇಲಿನ ನೀರಿನ ಟ್ಯಾಂಕಿಗೆ ಏರಿತು. ಟ್ಯಾಂಕು ದಾಟಿದರೆ ಮುಗಿಯಿತು. ಬರುವವರು ನಿಂತೇ ಹೋಗಿದ್ದರು. ಅಜ್ಜಿಯ ಬಾಯಿ ಮಾತ್ರ ಸದ್ದಿಲ್ಲದೆ ಏನೋ ಮಣಮಣಿಸುತ್ತಿತ್ತು.

ಶಾಂತವ್ವ ಬಂದದ್ದು ಆಗ. ಬಾಗಲಕೋಟೆ ಕಡೆಯವರು, ಹಲಸೂರಿನಲ್ಲಿ ಒಂದು ರೂಮು ಮಾಡಿಕೊಂಡು ಆಫೀಸಿನ ಹುಡುಗರಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದರು. ಗಂಡ ಇರಲಿಲ್ಲ ಎಂಬುದು ಗೊತ್ತಿತ್ತು. ಯಾವಾಗ ಹೋದರು, ಹೇಗೆ ಹೋದರು ಯಾರೂ ಕೇಳಿರಲಿಲ್ಲ. ಅವರಿಗೆ ಓದು ಬರುತ್ತಿರಲಿಲ್ಲ. ಪಕ್ಕದ ಮನೆಯವರ ಪೇಪರಿನಿಂದ ಬಿದ್ದ ಕಾಗದದಲ್ಲಿ ಫೋಟೋ ನೋಡಿ, ಚೌಕಟ್ಟು ನೋಡಿ, ದಾರಿಯುದ್ದಕ್ಕೂ ಅವರಿವರಿಗೆ ತೋರಿಸಿ ಕೇಳಿಕೊಂಡು ನಡೆದೇ ಬಂದಿದ್ದರು. ಚಪ್ಪಲಿ ರಸ್ತೆಯಲ್ಲೇ ಬಿಟ್ಟು ಒಳಬಂದು, ನಿಂತಿದ್ದ ಬೆಲ್ಟನ್ನು ಒಮ್ಮೆ ಮುಟ್ಟಿದರು. ಆಮೇಲೆ ನಡುಮನೆಯ ನೆಲದ ಮೇಲೆ ಧೊಪ್ಪನೆ ಕೂತು ಅಮ್ಮನ ಕೈ ಹಿಡಿದುಕೊಂಡರು.

"ಅಯ್ಯ ನನ್ನ ಯಪ್ಪಾ, ಇದೇನಾತ್ರಿ ಯವ್ವಾ! ಎಂಥಾ ಮನಷ್ಯಾ ಹೋಗಿಬಿಟ್ನಲ್ರಿ! ನಾ ಈ ಊರಿಗೆ ಬಂದಾಗ ಒಬ್ಬರೂ ನನಗ ಜ್ವಾಳಾ ಸರಿಯಾಗಿ ಬೀಸಿ ಕೊಡತಿದ್ದಿಲ್ರಿ. ರಾಗಿ ಬೀಸಿದ ಕಲ್ಲಿಗೇ ಹಾಕಿ ಕರ್ರಗ ಮಾಡಿ ಕೊಡತಿದ್ರು. ಇವ್ರು ಮೊದ್ಲ ತಮ್ಮ ಜ್ವಾಳಾ ಒಂದ್ ಮುಷ್ಟಿ ಹಾಕಿ ಕಲ್ಲು ಸ್ವಚ್ಛ ಮಾಡಿ, ಆಮ್ಯಾಲೆ ನಂದು ಹಾಕತಿದ್ರು. ನಾ ಹೇಳಿದ್ದಿಲ್ರಿ ಅವ್ರಿಗೆ. ತಾವ ತಿಳಕೊಂಡು ಮಾಡತಿದ್ರು."

ಅಷ್ಟು ಹೇಳುವುದರೊಳಗೆ ಕಣ್ಣೀರು ಬಂದೇಬಿಟ್ಟಿತು. ಕೆನ್ನೆಯಿಂದ ಗದ್ದಕ್ಕೆ, ಗದ್ದದಿಂದ ಅಮ್ಮನ ಕೈಮೇಲೆ. ನಾನು ನೋಡಿದೆ. ಅಜ್ಜಿ ಮುಂದಕ್ಕೆ ಬಗ್ಗಿ ಬಗ್ಗಿ ನೋಡಿದಳು. ಶಾಂತವ್ವ ಎದೆ ಬಡಿದುಕೊಂಡು, ಅವರ ಊರಿನ ರೀತಿಯಲ್ಲಿ, ರಾಗ ತೆಗೆದು ಅಳತೊಡಗಿದ್ದರು. ಹೊರಗೆ ಟ್ಯಾಂಕಿನ ಮೇಲೆ ಇನ್ನೂ ಬಿಸಿಲಿತ್ತು.

"ಬಿತ್ತು! ಸಾಕು ಕಣವ್ವ, ನಿನ್ನ ಹೊಟ್ಟೆ ತಣ್ಣಗಿರ್ಲಿ!" ಎಂದು ಅಜ್ಜಿ ಎದ್ದುನಿಂತು ಕೂಗಿದಳು. "ನಾಣೀ, ಬಾರೋ ಈಚೆಗೆ! ಹೋಯ್ತು ಕಂಟಕ!"

ಮೂಟೆ ಕೋಣೆಯ ಬಾಗಿಲು ತೆರೆಯಿತು. ಅಪ್ಪ ಹೊರಗೆ ಬಂದ. ತಲೆಗೆ, ಹುಬ್ಬಿಗೆಲ್ಲ ಧೂಳು ಮೆತ್ತಿತ್ತು, ಅದರ ಮೇಲೆ ಅತ್ತ ಗೆರೆಗಳು ಕಾಣುತ್ತಿದ್ದವು. ಶಾಂತವ್ವನ ಅಳು ಬಾಯಲ್ಲೇ ನಿಂತಿತು. ಅಮ್ಮ ಅವರ ಎರಡೂ ಕೈ ಹಿಡಿದುಕೊಂಡು ಒಂದೇ ಉಸಿರಿನಲ್ಲಿ ಕಾಗದದ ಕಥೆ, ಕಾಗೆಯ ಕಥೆ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದಳು. ಅಪ್ಪನಿಗೆ ಏನು ಮಾತಾಡಬೇಕೋ ತಿಳಿಯದೆ, ಗಿರಾಕಿಗಳಿಗೆ ಯಾವಾಗಲೂ ಕೇಳುವುದನ್ನೇ ಕೇಳಿದ.

"ಜೋಳ ತಂದಿದ್ದೀರಾ ಶಾಂತವ್ವ?"

"ಸತ್ತವರ ಮನಿಗೆ ಯಾರರ ಜ್ವಾಳಾ ತರ್ತಾರೇನ್ರಿ?"

ಮೊದಲು ಅಜ್ಜಿ ನಕ್ಕಳು, ಆಮೇಲೆ ಅಮ್ಮ. ಅಪ್ಪನೂ ನಕ್ಕ, ಕೆಮ್ಮಿದ, ಮತ್ತೆ ನಕ್ಕ. ಶಾಂತವ್ವನೂ ನಗುತ್ತಿದ್ದರು. ಅಮ್ಮ ಒಲೆ ಹಚ್ಚಲು ಎದ್ದಳು. ಎಷ್ಟೋ ಹೊತ್ತಿನ ಮೇಲೆ ನಾನು ಪೂರ್ತಿ ಉಸಿರು ಬಿಟ್ಟೆ. ಶಾಂತವ್ವ ಮಾತ್ರ ಅಪ್ಪನ ಮುಖದಿಂದ ಕಣ್ಣು ಕೀಳಲಿಲ್ಲ. ನಗು ಹಾಗೇ ಇಳಿದುಹೋಯಿತು.

"ಛಲೋ ಆತು ಬಿಡ್ರಿ, ಎದ್ದು ಬಂದ್ರಿ," ಅಂದರು ಮೆಲ್ಲಗೆ. "ನಮ್ಮನಿಯವ್ರು ಹೋದಾಗೂ ನಾ ಹಿಂಗ ಒಳಗಿನ ಬಾಗಲಾ ನೋಡಕೋತ ಕುಂತಿದ್ದೆ ರೀ. ಮಂದಿ ಎಲ್ಲಾ ಅಳಾಕತ್ತಿದ್ರು. ನಾ ಅಂದ್ಕೊಂಡೆ, ಇದು ಏನೋ ಸುಳ್ಳದ, ಈಗ ಬಾಗಲಾ ತಗದು ಬರ್ತಾರ, ಊಟಕ್ಕ ನೀಡು ಅಂತಾರ ಅಂತ. ಎಲ್ಲಾರೂ ಅತ್ರು. ಎಲ್ಲಾರೂ ಖರೇನ ಅತ್ರು ರೀ. ಬಾಗಲಾ ಮಾತ್ರ ತೆರೀಲಿಲ್ಲ."

ಅಡುಗೆಮನೆಯಲ್ಲಿ ಅಮ್ಮನ ಸದ್ದು ನಿಂತಿತು. ಅಜ್ಜಿ ಮೆಲ್ಲನೆ ಕೂತು ಶಾಂತವ್ವನ ಬೆನ್ನಿನ ಮೇಲೆ ಕೈಯಿಟ್ಟಳು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಎದ್ದು ಮೂಟೆ ಕೋಣೆಯ ಬಾಗಿಲಿಗೆ ಹೋಗಿ ಒಳಗೆ ಇಣುಕಿದೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೂ ಕಾದೆ. ಮೂಟೆಗಳ ಹಿಂದೆಯೂ ನೋಡಿದೆ. ಅಲ್ಲಿ ಬೇರೆ ಯಾರೂ ಇರಲಿಲ್ಲ.